ಮಳೆ ನಿಂತ ಮೇಲೆ ಹಟ್ಟಿಗೆ ಯಾವ ಮೇವು?



ದೀಪಾವಳಿಯ ಗೋಪೂಜೆಯ ಹೊತ್ತಿಗೆ ಬಿಜೂರಿನ ಗದ್ದೆಯಂಚಿನಲ್ಲಿ ಹಸಿಹುಲ್ಲಿಗೆ ಕೊರತೆಯಿಲ್ಲ. ಶಿವರಾತ್ರಿ ಬರುವಾಗ ಗುಡ್ಡ ಒಣಗಿರುತ್ತದೆ. ದನ ಬೈಹುಲ್ಲನ್ನೇ ನಂಬಬೇಕು. ಹೊಟ್ಟೆ ತುಂಬಿದರೂ ಹಾಲು ಕಡಿಮೆಯಾಗುತ್ತದೆ, ದನ ಬಡಕಲಾಗುತ್ತದೆ. ಇದೇಕೆ?

ಮೈ ಬೆಳೆಸುವ ಸಸಾರಜನಕ, ಅಂದರೆ ಪ್ರೋಟೀನು, ಬೈಹುಲ್ಲಿನಲ್ಲಿ ಬಹಳ ಕಡಿಮೆ. ನೀರಿನಂಶ ಕಳೆದು ಲೆಕ್ಕ ಹಾಕಿದರೆ ನೂರು ಪಾಲು ಮೇವಿನಲ್ಲಿ ಅದು ಸುಮಾರಾಗಿ ಹೀಗಿರುತ್ತದೆ:

ಬೈಹುಲ್ಲು – 3ರಿಂದ 4 ಪಾಲು
ನೇಪಿಯರ್ ಹುಲ್ಲು – 8ರಿಂದ 10 ಪಾಲು
ಅಲಸಂದೆ ಬಳ್ಳಿ – 15ರಿಂದ 20 ಪಾಲು

ದನದ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೇ ಸುಮಾರು 7 ಪಾಲು ಬೇಕು. ಅದು ಸಿಗದಿದ್ದರೆ ತಿಂದ ಹುಲ್ಲೂ ಸರಿಯಾಗಿ ಅರಗುವುದಿಲ್ಲ.

ಈಗ ಮೂರನ್ನೂ ತೂಗಿ ನೋಡಿ.

ಬೈಹುಲ್ಲು ಮನೆಯದೇ, ಕೂಡಿಡಬಹುದು. ಆದರೆ ಒಂದೇ ಸಾಲದು. ಮಳೆಗೆ ನೆನೆದು ಬೂಷ್ಟು ಹಿಡಿದದ್ದನ್ನು ಹಾಕಲೇಬೇಡಿ.

ನೇಪಿಯರ್ ಒಮ್ಮೆ ನೆಟ್ಟರೆ ಕೆಲವು ವರ್ಷ ಕೊಯ್ಯಬಹುದು. ನೀರಿದ್ದರೆ ಸುಮಾರು 45 ದಿನಕ್ಕೊಂದು ಕೊಯ್ಲು. ಹಟ್ಟಿ ತೊಳೆದ ನೀರು ಹರಿಯುವ ತೋಟದ ಬದಿ ಇದಕ್ಕೆ ತಕ್ಕ ಜಾಗ. ನೀರಿಲ್ಲದವರು ಬೇಸಗೆಯಲ್ಲಿ ಇದನ್ನು ನಂಬಬಾರದು.

ಅಲಸಂದೆಯನ್ನು ಭತ್ತದ ಕೊಯ್ಲಾದ ಕೂಡಲೇ, ಗದ್ದೆಯ ಪಸೆ ಆರುವ ಮೊದಲೇ ಬಿತ್ತಬೇಕು. ಹೂ ಬಿಡುವಾಗ ಕೊಯ್ದರೆ ಒಳ್ಳೆಯ ಮೇವು, ಮಣ್ಣಿಗೂ ಹಿತ. ಬೈಹುಲ್ಲು, ನೇಪಿಯರ್ ಎರಡರಲ್ಲೂ ಸುಣ್ಣದಂಶವನ್ನು ಹಿಡಿದಿಡುವ ಆಕ್ಸಲೇಟ್ ಇದೆ; ಅಲಸಂದೆ ಆ ಕೊರತೆಯನ್ನೂ ತುಂಬುತ್ತದೆ. ನೆಲಗಡಲೆ ಬೆಳೆಯುವವರು ಕಾಯಿ ಬಿಡಿಸಿದ ಬಳ್ಳಿಯನ್ನು ಚೆನ್ನಾಗಿ ಒಣಗಿಸಿಟ್ಟರೆ ಅದೂ ಇಂಥದೇ ಮೇವು.

ಹಾಗಾದರೆ ಯಾವುದು ಮೇಲು? ಒಂದನ್ನೇ ಆರಿಸಬೇಡಿ, ಬೆರೆಸಿ. ದಿನಕ್ಕೆ 4 ಕಿಲೋ ಬೈಹುಲ್ಲು ತಿನ್ನುವ ಸಣ್ಣ ಹಸುವಿಗೆ 3 ಕಿಲೋ ಬೈಹುಲ್ಲು, ಸುಮಾರು 6 ಕಿಲೋ ಹಸಿ ಅಲಸಂದೆ ಕೊಡಿ. ಆ 7 ಪಾಲಿನ ಲೆಕ್ಕ ಹೆಚ್ಚುಕಡಿಮೆ ಕೂಡಿಬರುತ್ತದೆ. ಹಾಲು ಕೊಡುವ ಹಸುವಿಗೆ ಹಿಂಡಿ, ತೌಡು ಇದರ ಮೇಲೆ ಬೇಕೇ ಬೇಕು.

ಒಂದು ಎಚ್ಚರಿಕೆ: ಇಬ್ಬನಿಯಲ್ಲಿ ನೆನೆದ ಎಳೆ ಅಲಸಂದೆಯನ್ನು ಹಸಿದ ದನಕ್ಕೆ ಒಮ್ಮೆಲೇ ಹಾಕಿದರೆ ಹೊಟ್ಟೆ ಉಬ್ಬರಿಸಿ ಪ್ರಾಣಕ್ಕೇ ಅಪಾಯ. ಸ್ವಲ್ಪ ಬಾಡಿಸಿ, ಬೈಹುಲ್ಲಿನ ಜೊತೆ ಬೆರೆಸಿ, ನಾಲ್ಕೈದು ದಿನಗಳಲ್ಲಿ ಪ್ರಮಾಣ ಏರಿಸಿ.

ಈ ಸಲ ಕೊಯ್ಲಾದ ಗದ್ದೆಯಲ್ಲಿ ಐದು ಸೆಂಟ್ಸ್ ಜಾಗಕ್ಕಾದರೂ ಅಲಸಂದೆ ಬಿತ್ತಿ ನೋಡಿ. ಫಲವನ್ನು ಹಾಲಿನ ಚೆಂಬೇ ಹೇಳುತ್ತದೆ.