ತಂದೆಯು ಹಾರಿದ ವಿಮಾನ: ಅದನ್ನು ಅರಸುವ ಬಗೆ

ಎರಡನೆಯ ಮಹಾಯುದ್ಧವು 1945ನೆಯ ಇಸವಿಯಲ್ಲಿ ಮುಗಿಯಿತು. ಆ ಕಾಲದಲ್ಲಿ ಬಾಂಬು ವಿಮಾನಗಳನ್ನೇರಿ ಹಾರಿದ ತರುಣರಲ್ಲಿ ಇಂದು ಬದುಕಿರುವವರು ಅತಿ ವಿರಳ. ಅವರ ಮಕ್ಕಳೇ ಈಗ ವೃದ್ಧಾಪ್ಯವನ್ನು ಮುಟ್ಟಿದ್ದಾರೆ. ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ಇಂಥ ಮಕ್ಕಳು ಅನೇಕರು, ತಂದೆಯ ಮರಣಾನಂತರ ಅಟ್ಟದ ಮೇಲಣ ಪೆಟ್ಟಿಗೆಯನ್ನು ತೆರೆದು, ಒಂದೆರಡು ಮಾಸಿದ ಭಾವಚಿತ್ರಗಳನ್ನೂ ಒಂದು ನೀಲಿ ರಟ್ಟಿನ ಪುಸ್ತಕವನ್ನೂ ಕೈಯಲ್ಲಿ ಹಿಡಿದು, "ನಮ್ಮ ತಂದೆಯವರು ಯಾವ ವಿಮಾನದಲ್ಲಿ ಹಾರಿದರು? ಅದು ಏನಾಯಿತು?" ಎಂದು ಕೇಳತೊಡಗುತ್ತಾರೆ. ಕೇಳಬೇಕಾದಾಗ ಕೇಳಲಿಲ್ಲವಲ್ಲಾ ಎಂಬ ಪಶ್ಚಾತ್ತಾಪವೂ ಆ ಪ್ರಶ್ನೆಯೊಡನೆ ಬೆರೆತಿರುತ್ತದೆ.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೂ ಬಾಂಬು ವಿಮಾನಕ್ಕೂ ಏನು ಸಂಬಂಧವೆಂದು ವಾಚಕರು ಆಶ್ಚರ್ಯಪಡಬಹುದು. ಅದಕ್ಕೆ ನಾವು ಎರಡು ಕಾರಣಗಳನ್ನು ಹೇಳುತ್ತೇವೆ. ಈ ಅನ್ವೇಷಣೆಯ ದಾರಿಯು ಎಷ್ಟೋ ಸಲ ನಮ್ಮ ಕೋಲಾರಕ್ಕೂ ಬೆಂಗಳೂರಿಗೂ ಬಂದು ಸೇರುತ್ತದೆಂಬುದು ಮೊದಲನೆಯದು. ಹಿರಿಯರ ಜೀವನವನ್ನು ಸತ್ಯವಾಗಿ ಅರಿಯುವ ಬಗೆಯನ್ನು ಇದು ಕಲಿಸುತ್ತದೆಂಬುದು ಎರಡನೆಯದು. ಆದುದರಿಂದ ಇದನ್ನು ಒಂದು ಪಾಠವೆಂದೇ ತಿಳಿದು ಓದಬೇಕೆಂದು ಕೋರುತ್ತೇವೆ.

1. ಪ್ರಶ್ನೆಯನ್ನು ಬಿಡಿಸಿಕೊಳ್ಳುವುದು

"ಯಾವ ವಿಮಾನ?" ಎಂಬ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಡಗಿವೆ. ವಿಮಾನದ ಜಾತಿ ಯಾವುದು? ಆ ಜಾತಿಯಲ್ಲಿ ಇಂಥದೇ ಎಂದು ಹೇಳಬಹುದಾದ ಯಂತ್ರ ಯಾವುದು? ಅದರಲ್ಲಿ ಜೊತೆಗಿದ್ದವರು ಯಾರು? ಇವನ್ನು ಬೇರ್ಪಡಿಸಿಕೊಳ್ಳದೆ ಹೊರಟವರು ಬಹುಕಾಲ ಅಲೆಯುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಮಾನಗಳು ಏಳು ಸಾವಿರಕ್ಕೂ ಹೆಚ್ಚು ತಯಾರಾದವು. ಅಮೆರಿಕದ ಲಿಬರೇಟರ್ ವಿಮಾನಗಳಾದರೋ ಹದಿನೆಂಟು ಸಾವಿರಕ್ಕೂ ಮಿಕ್ಕಿದ್ದವು. ಜಾತಿಯನ್ನು ಅರಿತಮಾತ್ರಕ್ಕೆ ತಂದೆಯ ವಿಮಾನವನ್ನು ಅರಿತಂತಾಗಲಿಲ್ಲ.

ಇಲ್ಲಿ ಲಿಬರೇಟರ್ ವಿಮಾನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು 1939ನೆಯ ಇಸವಿ ಡಿಸೆಂಬರ್ 29ರಂದು ಸ್ಯಾನ್ ಡಿಯೇಗೋ ಪಟ್ಟಣದಲ್ಲಿ ಮೊಟ್ಟಮೊದಲು ಹಾರಿತು. ರೆಕ್ಕೆಗಳ ಹರಹು 110 ಅಡಿ. ನಾಲ್ಕು ಇಂಜಿನುಗಳು, ಒಂದೊಂದಕ್ಕೂ 1,200 ಕುದುರೆಗಳ ಶಕ್ತಿ. ಬಹುದೂರ ಹಾರಬಲ್ಲ ಗುಣವಿದ್ದುದರಿಂದ, ಬಂಗಾಳದ ನೆಲೆಗಳಿಂದ ಹೊರಟು ಬರ್ಮಾ, ಸಯಾಮ್ ದೇಶಗಳನ್ನು ಮುಟ್ಟಿ ಹಿಂದಿರುಗಬೇಕಾದ ಕೆಲಸಕ್ಕೆ ಬ್ರಿಟಿಷ್ ವಾಯುಸೇನೆಯವರು ಇದನ್ನೇ ಆರಿಸಿಕೊಂಡರು. 1944ನೆಯ ಇಸವಿ ಅಕ್ಟೋಬರ್ 27ರಂದು 159ನೆಯ ಸ್ಕ್ವಾಡ್ರನ್ನಿನ ಹದಿನೈದು ಲಿಬರೇಟರುಗಳು ಪಿನಾಂಗ್ ರೇವಿನ ಬಾಗಿಲಲ್ಲಿ ಸಿಡಿಗುಂಡುಗಳನ್ನು ಹಾಕಲು ಹೋಗಿಬಂದವು. ಹೋಗಿಬರುವ ದಾರಿಯು ಮೂರು ಸಾವಿರ ಮೈಲಿಗಳಿಗೂ ಹೆಚ್ಚು. ಹೋದವೆಲ್ಲವೂ ಹಿಂದಿರುಗಿದವು.

2. ಭಾವಚಿತ್ರವು ಹೇಳುವುದೇನು?

ಹಳೆಯ ಭಾವಚಿತ್ರವೊಂದರಲ್ಲಿ ಎಂಟು ಮಂದಿ ತರುಣರು ವಿಮಾನದ ಮುಂದೆ ನಿಂತು ನಗುತ್ತಿರುವರೆಂದುಕೊಳ್ಳಿರಿ. ಮಕ್ಕಳು ತಂದೆಯ ಮುಖವನ್ನೇ ನೋಡುತ್ತಾರೆ. ಅನ್ವೇಷಕರು ಮುಖದ ಹಿಂದಿರುವುದನ್ನೂ ನೋಡಬೇಕು. ಲ್ಯಾಂಕಾಸ್ಟರ್ ವಿಮಾನಕ್ಕೂ ಲಿಬರೇಟರಿಗೂ ಬಾಲದಲ್ಲಿ ಎರಡೆರಡು ಕಿವಿಗಳಂಥ ಹಲಗೆಗಳಿರುವುದರಿಂದ ಒಂದನ್ನು ಇನ್ನೊಂದೆಂದು ಭ್ರಮಿಸುವುದು ಸುಲಭ. ಆದರೆ ಲಿಬರೇಟರಿನ ಮೂತಿಯ ಕೆಳಗೆ ಒಂದು ಚಕ್ರವಿರುವುದರಿಂದ ಅದು ನೆಲದ ಮೇಲೆ ಸಮವಾಗಿ ನಿಲ್ಲುತ್ತದೆ. ಲ್ಯಾಂಕಾಸ್ಟರ್ ಮೂತಿಯನ್ನೆತ್ತಿ ಬಾಲವನ್ನು ನೆಲಕ್ಕೂರಿ ನಿಲ್ಲುತ್ತದೆ.

ವಿಮಾನದ ಮೈಮೇಲಣ ವರ್ತುಲ ಚಿಹ್ನೆಯನ್ನೂ ಗಮನಿಸಬೇಕು. ಯುರೋಪಿನಲ್ಲಿ ಹಾರಿದ ಬ್ರಿಟಿಷ್ ವಿಮಾನಗಳ ವರ್ತುಲದ ನಡುವೆ ಕೆಂಪು ಬಣ್ಣವಿತ್ತು. ಜಪಾನೀಯರ ಚಿಹ್ನೆಯು ಕೆಂಪು ಸೂರ್ಯನಾದುದರಿಂದ, ಸ್ವಪಕ್ಷದವರೇ ತಪ್ಪಾಗಿ ಗುಂಡು ಹಾರಿಸಬಾರದೆಂದು, ಇಂಡಿಯಾ ಬರ್ಮಾ ರಣರಂಗದಲ್ಲಿ ಆ ಕೆಂಪನ್ನು ತೆಗೆದುಹಾಕಿ ತಿಳಿನೀಲಿ ಮತ್ತು ಕಡುನೀಲಿ ಬಣ್ಣಗಳನ್ನು ಮಾತ್ರ ಉಳಿಸಿದರು. ಕಪ್ಪುಬಿಳುಪಿನ ಚಿತ್ರದಲ್ಲಿಯೂ ಈ ಎರಡು ಬಣ್ಣಗಳ ವರ್ತುಲವನ್ನು ಗುರುತಿಸಬಹುದು. ತಂದೆಯು ಪೂರ್ವದೇಶದಲ್ಲಿದ್ದರೋ ಪಶ್ಚಿಮದಲ್ಲಿದ್ದರೋ ಎಂಬುದಕ್ಕೆ ಇದೊಂದು ಸಾಕ್ಷಿ.

3. ದಿನವಹಿಯೂ ದಳದ ದಾಖಲೆಯೂ

ಆ ನೀಲಿ ರಟ್ಟಿನ ಪುಸ್ತಕವೇ ಲಾಗ್‌ಬುಕ್ ಎಂಬ ಹಾರಾಟದ ದಿನವಹಿ. ವೈಮಾನಿಕನು ಪ್ರತಿಯೊಂದು ಹಾರಾಟದ ತಾರೀಖು, ವಿಮಾನದ ಜಾತಿ, ಅದರ ಸಂಖ್ಯೆ, ನಡೆಸಿದವನ ಹೆಸರು, ಮಾಡಿದ ಕೆಲಸ, ಕಳೆದ ಗಂಟೆಗಳು ಇವನ್ನು ಅದರಲ್ಲಿ ಬರೆಯಬೇಕಾಗಿತ್ತು. ಮೇಲಧಿಕಾರಿಯು ಕಾಲಕಾಲಕ್ಕೆ ರುಜು ಹಾಕುತ್ತಿದ್ದನು. ರಾತ್ರಿಯ ಹಾರಾಟಗಳನ್ನು ಸಾಮಾನ್ಯವಾಗಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. "ಡಿ.ಸಿ.ಓ." ಎಂದಿದ್ದರೆ ಕೆಲಸವು ನೆರವೇರಿತೆಂದೂ, "ಡಿ.ಎನ್.ಸಿ.ಓ." ಎಂದಿದ್ದರೆ ನೆರವೇರಲಿಲ್ಲವೆಂದೂ ಅರ್ಥ. ಎಲ್ಲಕ್ಕಿಂತ ಮುಖ್ಯವಾದುದು ವಿಮಾನದ ಸಂಖ್ಯೆ. ಬ್ರಿಟಿಷ್ ವಾಯುಸೇನೆಯ ಲಿಬರೇಟರುಗಳಿಗೆ ಎರಡು ಅಕ್ಷರಗಳೂ ಮೂರು ಅಂಕಗಳೂ ಕೂಡಿದ ಗುರುತು ಇರುತ್ತಿತ್ತು, ಕೆ.ಎನ್. 751 ಎಂಬುದು ಅಂಥದೊಂದು. ದಿನವಹಿಯಲ್ಲಿ ಕೆಲವರು ಈ ಸಂಖ್ಯೆಯನ್ನು ಬರೆಯದೆ, ದಳದಲ್ಲಿ ಆ ವಿಮಾನಕ್ಕಿದ್ದ ಒಂದೇ ಅಕ್ಷರವನ್ನು ಬರೆದು ಸುಮ್ಮನಾಗಿರುತ್ತಾರೆ.

ಆಗ ದಳದ ದಾಖಲೆಯನ್ನು ನೋಡಬೇಕು. ಬ್ರಿಟಿಷ್ ವಾಯುಸೇನೆಯ ಪ್ರತಿಯೊಂದು ಸ್ಕ್ವಾಡ್ರನ್ನೂ ಎರಡು ಬಗೆಯ ದಾಖಲೆಯನ್ನಿಡುತ್ತಿತ್ತು. 540ನೆಯ ನಮೂನೆಯಲ್ಲಿ ದಿನದಿನದ ಸಮಾಚಾರ. 541ನೆಯ ನಮೂನೆಯಲ್ಲಿ ಯಾವ ವಿಮಾನದಲ್ಲಿ ಯಾರು ಯಾರು ಹೊರಟರು, ಎಷ್ಟು ಗಂಟೆಗೆ ಏರಿದರು, ಎಷ್ಟು ಗಂಟೆಗೆ ಇಳಿದರು, ಏನು ಕಂಡರು ಎಂಬ ವಿವರ. ಇವೆಲ್ಲ ಲಂಡನ್ನಿನ ಬಳಿಯ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ, ಏರ್ 27 ಎಂಬ ಶ್ರೇಣಿಯಲ್ಲಿ ಸೇರಿವೆ. ದಿನವಹಿಯ ಒಂದು ಸಾಲನ್ನೂ ದಳದ ದಾಖಲೆಯ ಒಂದು ಸಾಲನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದಾಗ ಮೊದಲಿನ ಮೂರು ಪ್ರಶ್ನೆಗಳಿಗೂ ಉತ್ತರವು ದೊರೆಯುತ್ತದೆ. ಹಿಂದಿರುಗದೆ ಹೋದವರ ವಿಷಯದಲ್ಲಿ ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗದ ಪಟ್ಟಿಯು ಸಹಾಯಕವಾಗುವುದು. ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಗೋಡೆಗಳ ಮೇಲೆ, ಸಮಾಧಿಯ ಸ್ಥಳವೇ ತಿಳಿಯದ ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನರ ಹೆಸರುಗಳನ್ನು ಕೆತ್ತಿದ್ದಾರೆ. ಅವರಲ್ಲಿ ವೈಮಾನಿಕರೂ ಅನೇಕರಿದ್ದಾರೆ.

ತಂದೆ ಎಂದೇ ನಾವು ಹೇಳುತ್ತ ಬಂದಿದ್ದೇವೆ. ಆದರೆ ತಾಯಿಯ ದಿನವಹಿಯೂ ಇರಬಹುದೆಂಬುದನ್ನು ನಮ್ಮ ಹುಡುಗಿಯರು ಮರೆಯಬಾರದು. ಇಂಗ್ಲೆಂಡಿನಲ್ಲಿ ಕಾರ್ಖಾನೆಯಿಂದ ದಳಕ್ಕೆ ವಿಮಾನಗಳನ್ನು ಮುಟ್ಟಿಸಲು ಏರ್ಪಟ್ಟಿದ್ದ ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ ಎಂಬ ಸಂಸ್ಥೆಯಲ್ಲಿ ನೂರ ಅರವತ್ತಕ್ಕೂ ಹೆಚ್ಚು ಮಹಿಳೆಯರು ವಿಮಾನ ನಡೆಸಿದರು. ಅವರಲ್ಲಿ ಲೆಟಿಸ್ ಕರ್ಟಿಸ್ ಮೊದಲಾದ ಕೆಲವರು ನಾಲ್ಕು ಇಂಜಿನುಗಳ ಬಾಂಬು ವಿಮಾನಗಳನ್ನೂ ನಡೆಸಲು ಅರ್ಹತೆ ಪಡೆದಿದ್ದರು.

4. ಕೋಲಾರದ ಹೆಸರು

ಲಿಬರೇಟರಿನಲ್ಲಿ ಹಾರಿದವರ ದಿನವಹಿಗಳಲ್ಲಿ ಕೆಲವನ್ನು ತಿರುವುವಾಗ "ಕೋಲಾರ" ಎಂಬ ಹೆಸರು ಎದುರಾಗುತ್ತದೆ. ದೂರದೇಶದ ಮಕ್ಕಳಿಗೆ ಅದು ಅರ್ಥವಾಗದ ಹೆಸರು. ನಮಗಾದರೋ ಮನೆಯ ಹೆಸರು. ಅಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ ಕೋಲಾರದ ವಿಮಾನದಾಣದಲ್ಲಿ 1673ನೆಯ ಹೆವಿ ಕನ್ವರ್ಷನ್ ಯೂನಿಟ್ ಎಂಬ ಶಿಕ್ಷಣ ಘಟಕವಿತ್ತು. ಚಿಕ್ಕ ವಿಮಾನಗಳನ್ನು ನಡೆಸಿ ಬಂದ ವೈಮಾನಿಕರು ಅಲ್ಲಿ ಲಿಬರೇಟರಿನಂಥ ದೊಡ್ಡ ವಿಮಾನವನ್ನು ನಡೆಸಲು ಕಲಿಯುತ್ತಿದ್ದರು. 1944ನೆಯ ಇಸವಿ ನವೆಂಬರ್ 8ರಂದು 358ನೆಯ ಸ್ಕ್ವಾಡ್ರನ್ ಕೋಲಾರದಲ್ಲಿಯೇ ಹುಟ್ಟಿತು.

ಈ ದಳದ ಚರಿತ್ರೆಯು ನಮ್ಮ ಪಾಠಕ್ಕೆ ಬಹಳ ಉಪಯುಕ್ತವಾದುದು. ಬಾಂಬು ದಳವೆಂದು ಸ್ಥಾಪಿತವಾದರೂ ಅದು ಬಾಂಬು ಹಾಕಲು ಹೋದದ್ದು ಒಂದೇ ಸಲ, 1945ನೆಯ ಇಸವಿ ಜನವರಿ 13ರಂದು. ಆ ಮೇಲೆ ಅದನ್ನು ವಿಶೇಷ ಕಾರ್ಯಕ್ಕೆ ತಿರುಗಿಸಿದರು. ಜಪಾನೀಯರ ವಶದಲ್ಲಿದ್ದ ನಾಡುಗಳಲ್ಲಿ ರಾತ್ರಿಯ ಹೊತ್ತು ಗುಪ್ತಚರರನ್ನೂ ಸಾಮಗ್ರಿಗಳನ್ನೂ ಇಳಿಸುವುದೇ ಅದರ ಕೆಲಸವಾಯಿತು. "ನಮ್ಮ ತಂದೆ ಬಾಂಬು ವಿಮಾನದಲ್ಲಿದ್ದರು" ಎಂದು ಕೇಳಿ ಬೆಳೆದ ಮಗಳು, ತಂದೆಯು ಈ ದಳದವರೆಂದು ತಿಳಿದಾಗ, ಅವರು ಹೆಚ್ಚಿನ ರಾತ್ರಿಗಳಲ್ಲಿ ಬಾಂಬಿಗೆ ಬದಲಾಗಿ ಮನುಷ್ಯರನ್ನೂ ಮೂಟೆಗಳನ್ನೂ ಹೊತ್ತು ಹಾರಿದರೆಂಬುದನ್ನು ಕಾಣುವಳು. ವಿಮಾನದ ಜಾತಿಯಿಂದ ಮನುಷ್ಯನ ಕೆಲಸವನ್ನು ಊಹಿಸಬಾರದು.

5. ಕಥೆಯೂ ದಾಖಲೆಯೂ ಹೊಂದದಿದ್ದಾಗ

ಇಂಥ ಅನ್ವೇಷಣೆಯಲ್ಲಿ ಬಹುಮಂದಿಗೆ ಒಂದು ನಿರಾಶೆಯು ಕಾದಿರುತ್ತದೆ. ಮನೆಯಲ್ಲಿ ಹೇಳುತ್ತ ಬಂದ ಕಥೆಯು ದಾಖಲೆಯೊಡನೆ ಹೊಂದುವುದಿಲ್ಲ. ತಂದೆಯು ಒಂದೇ ವಿಮಾನದಲ್ಲಿ ಸದಾ ಹಾರಿದರೆಂದು ನಂಬಿದ್ದರೆ, ದಿನವಹಿಯಲ್ಲಿ ಹತ್ತಾರು ಸಂಖ್ಯೆಗಳು ಕಾಣುತ್ತವೆ. ಒಂದು ಯಂತ್ರವು ದುರಸ್ತಿಯಲ್ಲಿದ್ದರೆ ಇನ್ನೊಂದನ್ನೇರುವುದೇ ಅಂದಿನ ಪದ್ಧತಿಯಾಗಿತ್ತು. ಐವತ್ತು ಸಲ ಹೋದರೆಂದಿದ್ದರೆ ಇಪ್ಪತ್ತೇ ಕಾಣಬಹುದು. ಏನೂ ಮಾಡಲಿಲ್ಲವೆಂದು ತಾವೇ ಹೇಳಿಕೊಂಡಿದ್ದವರು ಭಯಂಕರವಾದ ರಾತ್ರಿಗಳನ್ನು ಕಳೆದಿರಬಹುದು. ಆಗ ಮಕ್ಕಳು ಏನು ಮಾಡತಕ್ಕದ್ದು?

ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನಮ್ಮ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯೂ ಅದೇ ಹಲಗೆಗಳ ಮೇಲಿರುವುದೆಂಬುದನ್ನು ಜ್ಞಾಪಿಸಿಕೊಳ್ಳಬೇಕು. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ. ಇಲ್ಲದ ಶೌರ್ಯವನ್ನು ಕಟ್ಟಿದರೆ, ನಾವು ಸನ್ಮಾನಿಸುವುದು ನಮ್ಮ ಕಲ್ಪನೆಯ ಮನುಷ್ಯನನ್ನೇ ಹೊರತು ತಂದೆಯನ್ನಲ್ಲ. ಕಥೆಯನ್ನೂ ಬರೆದಿಡಬೇಕು, ದಾಖಲೆಯನ್ನೂ ಬರೆದಿಡಬೇಕು. ಯಾವುದು ಕೇಳಿದ್ದು, ಯಾವುದು ಕಂಡದ್ದು ಎಂದು ಬೇರೆ ಬೇರೆಯಾಗಿ ನಮೂದಿಸಬೇಕು.

6. ವಿಮಾನದ ಕೆಳಗಿದ್ದವರು

ದಳದ ದಾಖಲೆಯು ವಿಮಾನದಲ್ಲಿದ್ದವರ ಹೆಸರನ್ನು ಹೇಳುತ್ತದೆ. ಕೆಳಗಿದ್ದವರ ಹೆಸರನ್ನು ಹೇಳುವುದಿಲ್ಲ. ಬರ್ಮಾ ಸಯಾಮ್ ರೈಲುದಾರಿಯನ್ನು ಜಪಾನೀಯರು 1942 ಮತ್ತು 1943ನೆಯ ಇಸವಿಗಳಲ್ಲಿ ಯುದ್ಧಕೈದಿಗಳಿಂದಲೂ ಏಷ್ಯದ ಕೂಲಿಗಳಿಂದಲೂ ಕಟ್ಟಿಸಿದರು. ಹನ್ನೆರಡು ಸಾವಿರಕ್ಕೂ ಹೆಚ್ಚು ಕೈದಿಗಳು ಆ ಕೆಲಸದಲ್ಲಿ ಮಡಿದರು. ಮಲಯದ ತೋಟಗಳಿಂದ ಒಯ್ದ ತಮಿಳರೂ ಸೇರಿದಂತೆ ಸತ್ತ ಕೂಲಿಗಳ ಸಂಖ್ಯೆಯು ಅದಕ್ಕಿಂತ ಎಷ್ಟೋ ಮಿಗಿಲು. ಶತ್ರುವಿನ ಸಾಗಾಣಿಕೆಯನ್ನು ತಡೆಯಲು ಲಿಬರೇಟರುಗಳು ಆ ದಾರಿಯ ಸೇತುವೆಗಳ ಮೇಲೆಯೂ ನಿಲ್ದಾಣಗಳ ಮೇಲೆಯೂ ಬಾಂಬುಗಳನ್ನು ಹಾಕಿದವು. ಕೈದಿಗಳ ಶಿಬಿರಗಳು ರೈಲುದಾರಿಯ ಪಕ್ಕದಲ್ಲಿಯೇ ಇದ್ದವು. 1944ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ನಾಂಗ್ ಪ್ಲಾಡುಕ್ ಎಂಬಲ್ಲಿ ಮಿತ್ರಪಕ್ಷದ ಬಾಂಬುಗಳಿಂದಲೇ ಅನೇಕ ಮಿತ್ರಪಕ್ಷದ ಕೈದಿಗಳು ಸತ್ತರು.

ಹೀಗೆ ಒಂದೇ ರಾತ್ರಿಯ ವೃತ್ತಾಂತವನ್ನು ಇಬ್ಬರು ಮಕ್ಕಳು ಅರಸಬಹುದು. ಒಬ್ಬಳ ತಂದೆ ಮೇಲೆ, ಇನ್ನೊಬ್ಬಳ ತಂದೆ ಕೆಳಗೆ. ಅನ್ವೇಷಣೆಯು ಇಲ್ಲಿಗೆ ಬಂದಾಗ ಪುಸ್ತಕವನ್ನು ಮುಚ್ಚಬಾರದು. ಯುದ್ಧ ಮುಗಿದ ಮೇಲೆ, 1945ನೆಯ ಇಸವಿ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ, ಅದೇ ಜಾತಿಯ ವಿಮಾನಗಳು ಕೈದಿಗಳ ಶಿಬಿರಗಳ ಮೇಲೆ ಹಾರಿ ಆಹಾರವನ್ನೂ ಔಷಧಿಗಳನ್ನೂ ಇಳಿಸಿದವು. ಇದರಿಂದ ಮೊದಲಿನ ದುಃಖವು ಅಳಿಯುವುದಿಲ್ಲ. ಆದರೆ ಎರಡೂ ನಡೆದ ಸಂಗತಿಗಳೇ, ಎರಡನ್ನೂ ಹೇಳಬೇಕು.

7. ಯಂತ್ರದ ಕೊನೆ, ಬೆಂಗಳೂರಿನ ಕೈಚಳಕ

"ಆ ವಿಮಾನ ಈಗೆಲ್ಲಿದೆ?" ಎಂಬುದು ಕಡೆಯ ಪ್ರಶ್ನೆ. ಸಾಮಾನ್ಯವಾಗಿ ಎಲ್ಲಿಯೂ ಇಲ್ಲ. ಲಿಬರೇಟರುಗಳು ಅಮೆರಿಕದಿಂದ ಎರವಲಾಗಿ ಬಂದವು. ಯುದ್ಧಾನಂತರ ಬಹಳಷ್ಟನ್ನು ಕಾನ್ಪುರದಲ್ಲಿ, ಮತ್ತೆ ಹಾರದಂತೆ ಕೆಡಿಸಿ, ಬಯಲಿನಲ್ಲಿ ಬಿಟ್ಟುಹೋದರು. ಸ್ವತಂತ್ರ ಭಾರತದ ವಾಯುಸೇನೆಗೆ ದೊಡ್ಡ ಬಾಂಬು ವಿಮಾನಗಳು ಬೇಕಾದಾಗ, ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು ಆ ರಾಶಿಯಿಂದ ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ಉದ್ಧರಿಸಿದರು. ಅಲ್ಲಿಯೇ ಹಾರುವಷ್ಟು ಮಟ್ಟಿಗೆ ರಿಪೇರಿ ಮಾಡಿದ ಒಂದೊಂದನ್ನೂ ಜಮ್‌ಶೇದ್ ಮುನ್ಶಿ ಎಂಬ ವೈಮಾನಿಕರು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವುಗಳನ್ನು ಸಂಪೂರ್ಣವಾಗಿ ಸರಿಪಡಿಸಿದರು. 1948ನೆಯ ಇಸವಿಯಿಂದ ಭಾರತದ 5ನೆಯ ಸ್ಕ್ವಾಡ್ರನ್ ಇವುಗಳಲ್ಲಿ ಹಾರಿತು. 1968ನೆಯ ಇಸವಿಯವರೆಗೂ ಅವು ಸೇವೆಯಲ್ಲಿದ್ದವು.

ಆದುದರಿಂದಲೇ ಇಂದು ಪರದೇಶಗಳ ವಸ್ತುಸಂಗ್ರಹಾಲಯಗಳಲ್ಲಿರುವ ಲಿಬರೇಟರುಗಳಲ್ಲಿ ಹಲವು ಭಾರತದಿಂದ ಹೋದವು. ಮೇಲೆ ಹೇಳಿದ ಕೆ.ಎನ್. 751 ಬ್ರಿಟಿಷರ 99ನೆಯ ಸ್ಕ್ವಾಡ್ರನ್ನಿನಲ್ಲಿದ್ದು, ಆ ಬಳಿಕ ಎಚ್.ಇ. 807 ಎಂಬ ಭಾರತೀಯ ಸಂಖ್ಯೆಯನ್ನು ಪಡೆದು, 1974ನೆಯ ಇಸವಿಯಲ್ಲಿ ಇಂಗ್ಲೆಂಡಿಗೆ ಹಿಂದಿರುಗಿತು. ಬ್ರಿಟಿಷ್ ವಾಯುಸೇನೆಯ ವಸ್ತುಸಂಗ್ರಹಾಲಯಕ್ಕೆ ಸೇರಿದ ಆ ವಿಮಾನದ ಮುಂದೆ ನಿಲ್ಲುವ ಮಕ್ಕಳು, ಅದು ಉಳಿದದ್ದು ಬೆಂಗಳೂರಿನ ಕೆಲಸಗಾರರ ಕೈಗಳಿಂದ ಎಂಬುದನ್ನು ಅರಿಯಬೇಕಾದರೆ, ಎರಡನೆಯ ಸಂಖ್ಯೆಯನ್ನೂ ಅರಸಬೇಕು.

8. ನಮ್ಮ ಮನೆಗಳಲ್ಲಿ

ಹಳೆಯ ವಿದ್ಯಾರ್ಥಿನಿಯರೇ, ತಂದೆತಾಯಿಗಳೇ, ನಮ್ಮ ಮನೆಗಳಲ್ಲಿಯೂ ಪೆಟ್ಟಿಗೆಗಳಿವೆ. ಸೇನೆಯಲ್ಲಿದ್ದ ಅಜ್ಜ, ಆಸ್ಪತ್ರೆಯಲ್ಲಿ ದಾದಿಯಾಗಿದ್ದ ದೊಡ್ಡಮ್ಮ, ಕಾರ್ಖಾನೆಯಲ್ಲಿ ದುಡಿದ ಚಿಕ್ಕಪ್ಪ ಇವರ ಕಾಗದಗಳು ಅಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ದೊಡ್ಡ ಭಂಡಾರಗಳು ದಳದ ದಾಖಲೆಯನ್ನು ಕಾಪಾಡುತ್ತವೆ; ಭಾವಚಿತ್ರದ ಎಡಗಡೆಯಿಂದ ಮೂರನೆಯವರು ಯಾರೆಂಬುದನ್ನು ಯಾವ ಭಂಡಾರವೂ ಹೇಳಲಾರದು. ಅದನ್ನು ಬಲ್ಲವರು ನಿಮ್ಮ ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುವರು. ಈ ರಜೆಯಲ್ಲಿ ಅವರ ಪಕ್ಕದಲ್ಲಿ ಕುಳಿತು, ಕೇಳಿ, ಚಿತ್ರದ ಬೆನ್ನಿಗೆ ಸೀಸದಕಡ್ಡಿಯಿಂದ ಮೆಲ್ಲಗೆ ಹೆಸರನ್ನೂ ಊರನ್ನೂ ವರ್ಷವನ್ನೂ ಬರೆದಿಡಿರಿ. ಬರೆದವರು ಯಾರು, ಹೇಳಿದವರು ಯಾರು ಎಂಬುದನ್ನೂ ಸೇರಿಸಿರಿ. ಮುಂದೆ ನಿಮ್ಮ ಮಗಳೋ ಮೊಮ್ಮಗಳೋ ಆ ಪೆಟ್ಟಿಗೆಯನ್ನು ತೆರೆದಾಗ ಅವಳಿಗೆ ಅದು ದಾರಿ ತೋರುವುದು.