ಬೇಸ್ ಕೇಳಿಸುತ್ತಿಲ್ಲ, ಯಾವ ಪೆಡಲ್ ಕೊಳ್ಳಲಿ?

ಪ್ರಶ್ನೆ: ಒಂದೂವರೆ ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. 8 ಇಂಚಿನ ಸ್ಪೀಕರ್ ಇರುವ ಸಣ್ಣ ಆಂಪ್ ಇದೆ. ಮನೆಯಲ್ಲಿ ಒಬ್ಬನೇ ನುಡಿಸುವಾಗ ನಾದ ತುಂಬಿಕೊಂಡು ಬರುತ್ತದೆ. ಗೆಳೆಯರ ಜೊತೆ ಕೂತರೆ, ಡ್ರಮ್ಸ್, ಎರಡು ಗಿಟಾರ್, ಕೀಬೋರ್ಡ್ ನಡುವೆ ನನ್ನದು ಕೇಳಿಸುವುದೇ ಇಲ್ಲ. ಬೇಸ್ ನಾಬ್ ಪೂರ್ತಿ ತಿರುಗಿಸಿದರೆ ಗುಂಯ್ ಅನ್ನುತ್ತದೆ, ಸ್ವರ ತಿಳಿಯುವುದಿಲ್ಲ. ಕಂಪ್ರೆಸರ್ ಕೊಳ್ಳಲೋ, ಓವರ್‌ಡ್ರೈವ್ ಕೊಳ್ಳಲೋ, ಆಕ್ಟೇವ್ ಪೆಡಲ್ಲೋ? ಕೈಯಲ್ಲಿ ಎಂಟು ಸಾವಿರ ರೂಪಾಯಿ ಇದೆ.
– ಒಬ್ಬ ಓದುಗ, ದಾವಣಗೆರೆ

ಉತ್ತರ: ಆ ಎಂಟು ಸಾವಿರ ಸದ್ಯಕ್ಕೆ ಹಾಗೇ ಇರಲಿ. ಬೇಸ್ ನಾಬ್ ಪೂರ್ತಿ ತಿರುಗಿಸಿದ್ದೇನೆ ಎಂದಿದ್ದೀರಲ್ಲ, ತೊಂದರೆ ಶುರುವಾಗುವುದೇ ಅಲ್ಲಿಂದ. ಅದನ್ನು ಅರ್ಧಕ್ಕಿಂತ ಕೆಳಗೆ ತನ್ನಿ, ಮಿಡ್ ಏರಿಸಿ, ಆಮೇಲೆ ಗೆಳೆಯರ ಜೊತೆ ನುಡಿಸಿ ನೋಡಿ. ಒಬ್ಬರೇ ಇದ್ದಾಗ ಈ ನಾದ ಮೂಗಿನಲ್ಲಿ ಹಾಡಿದಂತೆ ಕೇಳಿಸಿ ಇಷ್ಟವಾಗಲಿಕ್ಕಿಲ್ಲ. ನಾಲ್ಕು ವಾದ್ಯಗಳ ನಡುವೆ ಉಳಿದುಕೊಳ್ಳುವುದು ಮಾತ್ರ ಈ ನಾದವೇ.

ಕಾರಣ ಅರ್ಧ ಕಿವಿಯಲ್ಲಿದೆ, ಅರ್ಧ ಸ್ಪೀಕರ್‌ನಲ್ಲಿದೆ. ನಿಮ್ಮ ದಪ್ಪ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿದ ದನಿಗೆ ಮನುಷ್ಯರ ಕಿವಿ ಬಲು ಮಂದ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಮಾತುಕತೆಯಷ್ಟು ಸದ್ದಿನ ಮಟ್ಟದಲ್ಲಿ, 1000 ಹರ್ಟ್ಸ್‌ನ ಸ್ವರದಷ್ಟೇ ಜೋರಾಗಿ 40 ಹರ್ಟ್ಸ್‌ನ ಸ್ವರವೂ ಕೇಳಿಸಬೇಕಾದರೆ 30 ಡೆಸಿಬಲ್‌ಗೂ ಹೆಚ್ಚು ಬೇಕು. 30 ಡೆಸಿಬಲ್ ಎಂದರೆ ಸಾವಿರ ಪಟ್ಟು ಶಕ್ತಿ. ಗಿಟಾರಿನವರು 30 ವ್ಯಾಟ್ ಆಂಪ್‌ನಲ್ಲಿ ಸಲೀಸಾಗಿ ಮೆರೆಯುವ ಕಡೆ ಬೇಸ್‌ನವರಿಗೆ ಮುನ್ನೂರಾದರೂ ಬೇಕೆನಿಸುವುದು ಇದಕ್ಕೇ. ಆಂಪೆಗ್ ಕಂಪನಿ 1969ರಲ್ಲಿ ತಂದ ಎಸ್‌ವಿಟಿ ಆಂಪ್ 300 ವ್ಯಾಟ್‌ನದು. ಅದರ ಜೊತೆಗೆ 10 ಇಂಚಿನ ಎಂಟು ಸ್ಪೀಕರ್ ಹಿಡಿಯುವ, ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ನಿಮ್ಮ 8 ಇಂಚಿನ ಸ್ಪೀಕರ್ 41 ಹರ್ಟ್ಸ್ ಹೊರಡಿಸಲು ಹೆಣಗಾಡಿ ಇರುವ ಶಕ್ತಿಯನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತದೆ. ಆ ಗುಂಯ್ ಸದ್ದು ಅದೇ.

ಹಾಗಾದರೆ ಸಣ್ಣ ಆಂಪ್‌ನಲ್ಲೂ ಇ ಸ್ವರ ಇ ಎಂದೇ ಗುರುತು ಸಿಗುವುದು ಹೇಗೆ? ತಂಬೂರಿಯನ್ನು ನೆನೆಸಿಕೊಳ್ಳಿ. ಮಂದ್ರ ಷಡ್ಜದ ತಂತಿ ಮೀಟಿದಾಗ ಯಾರೂ ನುಡಿಸದ ಗಾಂಧಾರ ಅದರೊಳಗಿಂದ ಎದ್ದು ಬರುತ್ತದಲ್ಲವೇ? ಪ್ರತಿ ತಂತಿಯೂ ತನ್ನ ಮೂಲ ಕಂಪನದ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ವೇಗದಲ್ಲೂ ಜೊತೆಜೊತೆಗೇ ಮಿಡಿಯುತ್ತಿರುತ್ತದೆ. ಬೇಸ್‌ನ ಇ ತಂತಿಯಲ್ಲಿ 82, 123, 165 ಹೀಗೆ ಮೇಲೇರುತ್ತ ಹೋಗುವ ಅಂಶಗಳಿವೆ. ಇವು ಸಿಕ್ಕರೆ ಸಾಕು, ಕಾಣೆಯಾದ 41ನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್‌ನಲ್ಲೂ ಸಿನಿಮಾ ಹಾಡಿನ ಬೇಸ್ ನಿಮಗೆ ಗೊತ್ತಾಗುವುದು ಹೀಗೆಯೇ. ಗುಂಪಿನಲ್ಲಿ ನಿಮ್ಮ ಸ್ವರದ ಗುರುತು ಇರುವುದು ಸುಮಾರು 250ರಿಂದ 800 ಹರ್ಟ್ಸ್ ನಡುವೆ. ಮನೆಯಲ್ಲಿ ಚೆನ್ನಾಗಿ ಕೇಳಿಸಲೆಂದು ಬೇಸ್ ಮತ್ತು ಟ್ರೆಬಲ್ ಏರಿಸಿ ಮಿಡ್ ಇಳಿಸುವವರು ಆ ಗುರುತನ್ನೇ ಅಳಿಸಿಬಿಡುತ್ತಾರೆ. ಕೆಳಗಂತೂ ಜಾಗವಿಲ್ಲ. ಕಿಕ್ ಡ್ರಮ್‌ನ ಗುದ್ದು 50ರಿಂದ 100 ಹರ್ಟ್ಸ್ ಆಸುಪಾಸಿನಲ್ಲಿ ಕೂತಿದೆ, ಗಿಟಾರಿನ ದಪ್ಪ ತಂತಿ 82ರಿಂದ ಶುರುವಾಗುತ್ತದೆ, ಕೀಬೋರ್ಡಿನ ಎಡಗೈ ಇವೆರಡನ್ನೂ ತುಳಿದುಕೊಂಡು ಓಡಾಡುತ್ತದೆ.

ಕೋಣೆಯೂ ಆಟ ಆಡುತ್ತದೆ. ನಾವು ಅಭ್ಯಾಸ ಮಾಡುತ್ತಿದ್ದ ಮಹಡಿ ಕೋಣೆ 14 ಅಡಿ ಉದ್ದವಿತ್ತು. ನಾನು ಇ ನುಡಿಸಿದಾಗೆಲ್ಲ ಗೋಡೆಗೆ ಒರಗಿ ಕೂತ ಕೀಬೋರ್ಡಿನ ಗೆಳೆಯ ‘ಕಮ್ಮಿ ಮಾಡೋ ಮಾರಾಯ’ ಎಂದು ಕೂಗುತ್ತಿದ್ದ. ಕೋಣೆಯ ನಡುವೆ ನಿಂತ ನನಗೆ ಆ ಸ್ವರ ತೆಳ್ಳಗೆ ಕೇಳಿಸುತ್ತಿತ್ತು. ತಿಂಗಳುಗಟ್ಟಲೆ ಜಗಳವಾಡಿದೆವು. ಇಬ್ಬರೂ ಹೇಳುತ್ತಿದ್ದದ್ದು ನಿಜ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. 41 ಹರ್ಟ್ಸ್‌ನ ಅಲೆಯ ಉದ್ದ 8 ಮೀಟರ್‌ಗಿಂತ ತುಸು ಹೆಚ್ಚು. ಅದರ ಅರ್ಧ ಸರಿಯಾಗಿ 14 ಅಡಿಯ ಕೋಣೆಯೊಳಗೆ ಸಿಕ್ಕಿಕೊಳ್ಳುತ್ತದೆ. ಗೋಡೆಯ ಬಳಿ ಊದಿಕೊಳ್ಳುತ್ತದೆ, ನಟ್ಟನಡುವೆ ಬತ್ತಿಹೋಗುತ್ತದೆ. ಹಾಗಾಗಿ ಆಂಪ್ ಮೂಲೆಯಲ್ಲಿದ್ದರೆ ಈಚೆಗೆ ಎಳೆಯಿರಿ. ನೆಲದ ಮೇಲಿಟ್ಟರೆ ಅದರ ಮಿಡ್ ಎಲ್ಲ ನಿಮ್ಮ ಮೊಣಕಾಲಿಗೆ ಹೋಗುತ್ತದೆ. ಕುರ್ಚಿಯ ಮೇಲೆ, ಕಿವಿಯ ಎತ್ತರಕ್ಕೆ ಇಟ್ಟುಕೊಳ್ಳಿ. ಈ ಒಂದು ಬದಲಾವಣೆಗೇ ನೀವು ಬೆರಗಾಗುತ್ತೀರಿ.

ಪೆಡಲ್ ಇಲ್ಲದೆ ಆಗುವ ಕೆಲಸ ಎಷ್ಟು ದೊಡ್ಡದು ಎನ್ನಲು ನಾನು ಯಾವಾಗಲೂ ಕೊಡುವ ಉದಾಹರಣೆ ಜೇಮ್ಸ್ ಜೇಮರ್ಸನ್. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ನೆಲಮಾಳಿಗೆಯ ಸ್ಟುಡಿಯೋದಲ್ಲಿ 1960ರ ದಶಕದ ಎಷ್ಟೋ ಜನಪ್ರಿಯ ಹಾಡುಗಳಿಗೆ ನುಡಿಸಿದವರು. ಅವರ ಕೈಯಲ್ಲಿದ್ದದ್ದು 1962ರ ಫೆಂಡರ್ ಪ್ರಿಸಿಷನ್ ಬೇಸ್. ತಂತಿಗಳು ನುಣುಪು ಸುತ್ತಿನವು, ಫ್ಲ್ಯಾಟ್‌ವೌಂಡ್. ಅವನ್ನು ಬದಲಿಸುತ್ತಲೇ ಇರಲಿಲ್ಲ. ಸ್ವರ ಬೇಗ ನಿಲ್ಲಲೆಂದು ಬ್ರಿಡ್ಜ್ ಬಳಿ ತಂತಿಗೆ ತಾಗುವಂತೆ ಫೋಮ್ ತುಂಡು. ಬಲಗೈಯಲ್ಲಿ ತೋರುಬೆರಳೊಂದೇ. ವಾದ್ಯದಿಂದ ಕೇಬಲ್ ನೇರ ಮಿಕ್ಸರ್‌ಗೆ. 1964ರ ‘ಮೈ ಗರ್ಲ್’ ಹಾಡಿನ ಮೊದಲ ಕೆಲವು ಸೆಕೆಂಡು ಕೇಳಿ. ದಪ್ಪ ನಾದ, ಆದರೂ ಒಂದೊಂದು ಸ್ವರವೂ ಮಾತಾಡುತ್ತದೆ. ನಮ್ಮ ಕಿವಿಗೆ ಇನ್ನೂ ಹತ್ತಿರದ್ದು ಬೇಕಾದರೆ ಇಳಯರಾಜ ಸಂಗೀತದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳಿವೆ. ಹೆಡ್‌ಫೋನ್ ಹಾಕಿಕೊಂಡು ಗಾಯಕರನ್ನು ಬಿಟ್ಟು ಬೇಸ್‌ನ ಬೆನ್ನು ಹತ್ತಿ. ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುತ್ತದೆ.

ಈಗ ನೀವು ಕೇಳಿದ ಪೆಡಲ್‌ಗಳು. ಮೂರರಲ್ಲಿ ನಿಮ್ಮ ತೊಂದರೆಗೆ ನಿಜವಾಗಿ ಒದಗುವುದು ಓವರ್‌ಡ್ರೈವ್. ಹೆವಿ ಮೆಟಲ್‌ನವರಿಗೆ ಮಾತ್ರ ಎಂದುಕೊಳ್ಳಬೇಡಿ. ಅದು ಹೊಸ ಮೇಲಂಶಗಳನ್ನು ಹುಟ್ಟಿಸುತ್ತದೆ, ಅಂದರೆ ಕಿವಿ ಹುಡುಕುತ್ತಿರುವುದನ್ನೇ ಕೊಡುತ್ತದೆ. ಒಬ್ಬರೇ ಇದ್ದಾಗ ತುಸು ಒರಟೆನಿಸುವಷ್ಟು ಇಟ್ಟರೆ ಗುಂಪಿನಲ್ಲಿ ಆ ಒರಟುತನ ಕಾಣುವುದೇ ಇಲ್ಲ, ಸ್ವರ ಸ್ಪಷ್ಟವಾಗುತ್ತದೆ. ಬ್ಲೆಂಡ್ ನಾಬ್ ಇರುವುದನ್ನೇ ಕೊಳ್ಳಿ. ಗಿಟಾರಿಗೆಂದು ಮಾಡಿದ ಓವರ್‌ಡ್ರೈವ್‌ಗಳು ಸಾಮಾನ್ಯವಾಗಿ ತಳದ ದನಿಯನ್ನು ನುಂಗಿಬಿಡುತ್ತವೆ. ಬ್ಲೆಂಡ್ ಇದ್ದರೆ ವಾದ್ಯದ ಸ್ವಚ್ಛ ನಾದವನ್ನೂ ಜೊತೆಗೆ ಬೆರೆಸಿಕೊಳ್ಳಬಹುದು. ಕಂಪ್ರೆಸರ್ ಜೋರಾದ ಸ್ವರವನ್ನು ಒತ್ತಿ, ಮೆಲ್ಲನೆಯದನ್ನು ಎತ್ತಿ ಸಮ ಮಾಡುತ್ತದೆ. ಒಳ್ಳೆಯ ಸಾಧನವೇ, ಆದರೆ ಒಂದೂವರೆ ವರ್ಷದ ಕೈಗೆ ಬೇಡ. ಬೆರಳಿನ ತೂಕ ಏರುಪೇರಾಗುವುದನ್ನು ಅದು ಮುಚ್ಚಿಹಾಕುತ್ತದೆ, ನಿಮಗೆ ತಪ್ಪು ಗೊತ್ತಾಗುವುದೇ ಇಲ್ಲ. ಆಕ್ಟೇವ್ ಪೆಡಲ್ ಇನ್ನೂ ಒಂದು ಸ್ಥಾಯಿ ಕೆಳಗಿನ ಸ್ವರ ಸೇರಿಸುತ್ತದೆ. ನಿಮ್ಮ ಸ್ಪೀಕರ್ ಈಗಿರುವ ಕೆಳದನಿಯನ್ನೇ ತಾಳಲಾರದು.

ನೀವು ಮುಂದೆ ಗಣೇಶೋತ್ಸವ, ರಾಜ್ಯೋತ್ಸವದ ರಸಮಂಜರಿಗಳಲ್ಲಿ ನುಡಿಸುವುದು ಖಂಡಿತ. ಅಲ್ಲಿಗೆ ಬೇಕಾದದ್ದು ಡಿಐ ಬಾಕ್ಸ್. ವಾದ್ಯದ ಮಾಮೂಲಿ ಕೇಬಲ್ ಉದ್ದವಾದಷ್ಟೂ ಟ್ರೆಬಲ್ ಸೋರಿಹೋಗುತ್ತದೆ, ಗೊರಗೊರ ಸದ್ದು ಸೇರುತ್ತದೆ. ಡಿಐ ಆ ಸಂಕೇತವನ್ನು ಮೈಕ್ ಕೇಬಲ್‌ನಲ್ಲಿ ದೂರದ ಮಿಕ್ಸರ್‌ವರೆಗೆ ಹಾಳಾಗದೆ ಹೋಗುವಂತೆ ಮಾಡುತ್ತದೆ. ಅದರ ಮೇಲೆ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇರುತ್ತದೆ. ಗೊಂಯ್ ಸದ್ದು ಬಂದರೆ ಅದನ್ನು ಒತ್ತಿ. ಇಲ್ಲಿ ಒಂದು ಮಾತನ್ನು ಕೈ ಹಿಡಿದು ಹೇಳುತ್ತೇನೆ. ಆ ಸದ್ದು ನಿಲ್ಲಿಸಲು ಆಂಪ್‌ನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವವರನ್ನು ನಾನು ಕಂಡಿದ್ದೇನೆ. ಎಂದೂ ಮಾಡಬೇಡಿ, ಯಾರಿಗೂ ಮಾಡಗೊಡಬೇಡಿ. ತಂತಿ ಹಿಡಿದ ಕೈ, ಮೈಕಿಗೆ ತಾಗಿದ ತುಟಿ, ಮಳೆಗೆ ನೆನೆದ ವೇದಿಕೆ ಇವಿಷ್ಟು ಸೇರಿದರೆ ಜೀವ ಹೋಗುತ್ತದೆ. ಒಂದು ಊರಿನಲ್ಲಿ ನನಗೇ ತುಟಿಗೆ ಶಾಕ್ ಹೊಡೆದು ಹಿಂದಕ್ಕೆ ಬಿದ್ದಿದ್ದೆ. ಅಂದಿನಿಂದ ವೇದಿಕೆ ಹತ್ತಿದೊಡನೆ ಟೆಸ್ಟರ್ ಹಿಡಿದು ಮೈಕಿನ ಜಾಲರಿ ನೋಡದೆ ನಾನು ಹಾಡಿದ್ದಿಲ್ಲ.

ಉಳಿದದ್ದೆಲ್ಲ ಜೊತೆಗಾರರ ಸಂಗತಿ. ಕೀಬೋರ್ಡಿನವರಿಗೆ ಎಡಗೈ ಒಂದು ಸ್ಥಾಯಿ ಮೇಲೆತ್ತಲು ಹೇಳಿ, ಗಿಟಾರಿನವರಿಗೆ ಆಂಪ್‌ನ ಬೇಸ್ ಇಳಿಸಲು ಹೇಳಿ. ಬೇಜಾರಾಗದ ಹಾಗೆ, ಚಹಾ ಕುಡಿಯುವಾಗ ಹೇಳಿ. ಡ್ರಮ್ಸ್‌ನವರ ಜೊತೆ ಮಾತ್ರ ಹೆಚ್ಚು ಹೊತ್ತು ಕಳೆಯಬೇಕು. ಪ್ರತಿ ಅಭ್ಯಾಸದಲ್ಲೂ ಮೊದಲ ಹತ್ತು ನಿಮಿಷ ಉಳಿದವರೆಲ್ಲ ಸುಮ್ಮನಿರಲಿ. ಅವರು ಕಿಕ್ ಮತ್ತು ಹೈ-ಹ್ಯಾಟ್ ಅಷ್ಟೇ ನುಡಿಸಲಿ, ನೀವು ಒಂದೇ ಸ್ವರ ಹಿಡಿದು ಕಿಕ್‌ನ ಮೇಲೆ ಕೂರಿಸಿ. ಎರಡೂ ಒಂದೇ ಏಟಾಗಿ ಕೇಳಿಸುವವರೆಗೆ ಮುಂದೆ ಹೋಗಬೇಡಿ. ಸ್ವರ ಎಲ್ಲಿ ಶುರುವಾಯಿತು ಎಂಬಷ್ಟೇ ಎಲ್ಲಿ ನಿಂತಿತು ಎಂಬುದೂ ಮುಖ್ಯ. ಮೃದಂಗದವರ ಎಡಗೈ ನೋಡಿದ್ದೀರಲ್ಲ, ಬಿಟ್ಟು ಹೊಡೆದ ತೊಂ ಬೇರೆ, ಮುಚ್ಚಿ ಹೊಡೆದ ತ ಬೇರೆ. ನೀವೂ ಸ್ನೇರ್ ಬೀಳುವ ಹೊತ್ತಿಗೆ ಎಡಗೈ ಬೆರಳು ಸಡಿಲಿಸಿ ಸ್ವರವನ್ನು ಮುಚ್ಚಿ ನೋಡಿ. ಹಾಡಿಗೆ ನಡಿಗೆ ಬಂದುಬಿಡುತ್ತದೆ, ವಾಲ್ಯೂಮ್ ಏರಿಸದೆಯೇ ನೀವು ಕೇಳಿಸತೊಡಗುತ್ತೀರಿ.

ಇಷ್ಟನ್ನೂ ಒಂದು ತಿಂಗಳು ಮಾಡಿ. ಮೊಬೈಲನ್ನು ಕೋಣೆಯ ನಡುವೆ ಇಟ್ಟು ಒಂದು ಹಾಡು ರೆಕಾರ್ಡ್ ಮಾಡಿ, ಮನೆಗೆ ಹೋಗಿ ಆ ಮೊಬೈಲಿನ ಸ್ಪೀಕರ್‌ನಲ್ಲೇ ಕೇಳಿ. ನಿಮ್ಮ ಸಾಲನ್ನು ಜೊತೆಯಲ್ಲಿ ಗುನುಗಲು ಆದರೆ ಮಿಡ್ ಸರಿಯಾಗಿದೆ ಎಂದೇ ಲೆಕ್ಕ. ಆಗ ಆ ಹಣದಲ್ಲಿ ಒಂದು ಟ್ಯೂನರ್, ಒಂದು ಸಾದಾ ಡಿಐ, ಹೊಸ ತಂತಿಗಳು ಸಾಕು. ಆಗಲಿಲ್ಲವೋ, ಓವರ್‌ಡ್ರೈವ್ ತನ್ನಿ. ಯಾವುದಾಯಿತೆಂದು ನನಗೂ ಬರೆದು ತಿಳಿಸಿ.