ನಿಜಾಮರ ಕಾಗದದ ರೂಪಾಯಿ: ಹೈದರಾಬಾದ್ ಸಂಸ್ಥಾನದ ನೋಟುಗಳನ್ನು ಸಂಗ್ರಹಿಸುವ ಕ್ರಮ

ಬ್ರಿಟಿಷರ ಕಾಲದ ದೇಶೀಯ ಸಂಸ್ಥಾನಗಳ ಪೈಕಿ ಸ್ವಂತ ಕಾಗದದ ಹಣವನ್ನು ದಶಕಗಳ ಕಾಲ ವ್ಯವಸ್ಥಿತವಾಗಿ ನಡೆಸಿದ ಸಂಸ್ಥಾನ ಹೈದರಾಬಾದ್. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ, 1918ರಲ್ಲಿ ಆರಂಭವಾದ ಈ ನೋಟುಗಳ ಲೆಕ್ಕ ಉಸ್ಮಾನಿಯಾ ಸಿಕ್ಕಾ, ಅಂದರೆ ಸಂಸ್ಥಾನದ ರೂಪಾಯಿಯಲ್ಲಿತ್ತು. ಅಂಥ 7 ರೂಪಾಯಿಗೆ ಬ್ರಿಟಿಷ್ ಸರ್ಕಾರದ, ಜನರ ಮಾತಿನ ‘ಕಲ್ದಾರ್’, ಸುಮಾರು 6 ರೂಪಾಯಿ ಸಿಗುತ್ತಿತ್ತು. ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳೊಂದಿಗೆ ಕನ್ನಡದಲ್ಲಿಯೂ ಮೌಲ್ಯ ಅಚ್ಚಾಗಿರುವ ಕಾರಣ, ಬೀದರ, ಕಲಬುರಗಿ, ರಾಯಚೂರು ಸೀಮೆಯ ಚರಿತ್ರೆಗೆ ಇವು ನೇರ ಸಾಕ್ಷ್ಯಗಳಾಗಿವೆ.

ಸಂಗ್ರಹಕಾರರು ಮೊದಲು ವ್ಯಾಪ್ತಿಯನ್ನು ನಿಗದಿಪಡಿಸಿಕೊಳ್ಳಬೇಕು. ಲಂಡನ್ನಿನ ವಾಟರ್‌ಲೋ ಸಂಸ್ಥೆ ಮುದ್ರಿಸಿದ ಆರಂಭದ ನೋಟುಗಳೂ 100, 1000 ರೂಪಾಯಿಗಳವೂ ವಿರಳವಾಗಿದ್ದು ದುಬಾರಿಯಾಗಿರುವುದರಿಂದ, ನಾಸಿಕ್‌ನಲ್ಲಿ ಅಚ್ಚಾದ 1940ರ ದಶಕದ ಒಂದು ರೂಪಾಯಿಯ ನೋಟಿನಿಂದ ತೊಡಗುವುದು ವಿವೇಕದ ಮಾರ್ಗ.

ಎರಡನೆಯ ಹೆಜ್ಜೆ, ಸಹಿಗಳನ್ನು ಓದಲು ಕಲಿಯುವುದು. ಈ ಸಂಗ್ರಹದ ನಿಜವಾದ ಸಂಪತ್ತು ಇರುವುದೇ ಇಲ್ಲಿ. ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದ ಗುಲಾಮ್ ಮುಹಮ್ಮದ್, ಆ ದೇಶದ ಕೇಂದ್ರ ಬ್ಯಾಂಕಿನ ಮೊದಲ ಗವರ್ನರ್ ಆದ ಜಾಹಿದ್ ಹುಸೇನ್, ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಅಲ್ಲಿನ ಹಣಕಾಸು ಮಂತ್ರಿಯಾದ ಡಾ. ಜಿ.ಎಸ್. ಮೇಲ್ಕೋಟೆ, ಇವರೆಲ್ಲರ ಸಹಿಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದಾಗ, ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹಿಂದುಮುಂದಿನ ರಾಜಕಾರಣ ಕಣ್ಣೆದುರು ನಿಲ್ಲುತ್ತದೆ. ಸಹಿಗಳನ್ನು ಗುರುತಿಸಲು ಕಿಶೋರ್ ಜುಂಜುನ್‌ವಾಲಾ ಮತ್ತು ರೆಜ್ವಾನ್ ರಜಾಕ್ ಅವರ ಭಾರತೀಯ ಕಾಗದದ ಹಣದ ಕೈಪಿಡಿ ನೆರವಾಗುತ್ತದೆ; ರಜಾಕ್ ಅವರು ಬೆಂಗಳೂರಿನಲ್ಲಿ 2020ರಲ್ಲಿ ತೆರೆದ ನೋಟುಗಳ ವಸ್ತುಸಂಗ್ರಹಾಲಯವನ್ನೂ ನೋಡುವುದು ಒಳಿತು.

ಕೊಳ್ಳುವಾಗ ನೋಟನ್ನು ಬೆಳಕಿಗೆ ಹಿಡಿದು ಹರಿದು ಅಂಟಿಸಿದ ಗುರುತುಗಳನ್ನೂ, ನೇರಳಾತೀತ ದೀಪದ ಕೆಳಗೆ ಕಾಗದದ ಹೊಳಪನ್ನೂ ಪರೀಕ್ಷಿಸಬೇಕು. ಆ ಕಾಲದ ಕಾಗದ ಸಾಮಾನ್ಯವಾಗಿ ಮಂಕಾಗಿಯೇ ಕಾಣುವುದರಿಂದ, ನೀಲಿಯಾಗಿ ಹೊಳೆದರೆ ಅದು ಇತ್ತೀಚಿನ ನಕಲು ಅಥವಾ ಮಾರ್ಜಕದಲ್ಲಿ ತೊಳೆದದ್ದು ಎಂಬ ಶಂಕೆಗೆ ಆಸ್ಪದವಿದೆ. ಕಂತೆಗಟ್ಟುವಾಗ ಚುಚ್ಚಿದ ಗುಂಡುಸೂಜಿಯ ರಂಧ್ರಗಳನ್ನು ದೊಡ್ಡ ದೋಷವೆಂದು ಎಣಿಸಬೇಕಿಲ್ಲ; ಆದರೆ ಮಡಿಕೆ ಕಾಣದಂತೆ ಇಸ್ತ್ರಿ ಮಾಡಿ ‘ಹೊಸದು’ ಎಂದು ಮಾರುವ ನೋಟಿಗಿಂತ, ಮಡಿಕೆಗಳಿದ್ದರೂ ಯಾರೂ ತಿದ್ದದ ನೋಟು ಎಷ್ಟೋ ಪಾಲು ಮೇಲು. ಹಳೆಯ ನೋಟುಗಳಿಗೆ ಶುಲ್ಕ ಅಥವಾ ಕಮಿಷನ್ ಕೇಳುತ್ತ ರಿಸರ್ವ್ ಬ್ಯಾಂಕಿನ ಹೆಸರು ಬಳಸುವವರ ಬಗ್ಗೆ ಆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ನೀಡಿದೆ.

ಮನೆಗೆ ತಂದ ನೋಟನ್ನು ಲ್ಯಾಮಿನೇಟ್ ಮಾಡಿಸುವುದು, ಟೇಪ್ ಅಂಟಿಸುವುದು ಅದನ್ನು ಶಾಶ್ವತವಾಗಿ ಕೆಡಿಸುವ ಕೆಲಸಗಳು. ಪಿವಿಸಿ ಪ್ಲಾಸ್ಟಿಕ್ಕಿನಿಂದ ಕಾಲಕ್ರಮದಲ್ಲಿ ಜಿಗುಟು ಹಾಗೂ ಆಮ್ಲ ಹೊರಬೀಳುವುದರಿಂದ ಪಾಲಿಯೆಸ್ಟರ್ ಲಕೋಟೆಗಳನ್ನೇ ಬಳಸಿ, ಬಿಸಿಲು ಮತ್ತು ತೇವ ತಾಗದ ಕಪಾಟಿನಲ್ಲಿಡಬೇಕು. ಮುಂಗಾರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬದಲಿಸುತ್ತಿರಬೇಕು. ಪ್ರತಿಯೊಂದು ನೋಟಿನ ಕ್ರಮಸಂಖ್ಯೆ, ಸಹಿ, ಕೊಂಡ ದಿನ, ಬೆಲೆ, ಮಾರಿದವರ ರಸೀದಿ ಇವಿಷ್ಟನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕೇ ಹೊರತು ನೋಟಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದಲೂ ಗುರುತು ಹಾಕಬಾರದು.